ಮೊಳಕಾಲ್ಮೂರಿನ ಮಗ್ಗವೂ ಗಾರ್ಗಿಯ ಪ್ರಶ್ನೆಯೂ

ಮೊಳಕಾಲ್ಮೂರಿನ ಮಗ್ಗದ ಮನೆಯೊಂದನ್ನು ಬೆಳಗಿನ ಹೊತ್ತು ಹೊಕ್ಕವರಿಗೆ, ಹೊರಗಿನ ಬಿಸಿಲಿನಿಂದ ಬಂದ ಕಣ್ಣು ಒಳಗಿನ ಮಬ್ಬಿಗೆ ಹೊಂದಿಕೊಳ್ಳುವ ಮೊದಲೇ ಲಾಳಿಯ ಸದ್ದು ಕೇಳಿಸುತ್ತದೆ. ಆಮೇಲೆ ಮೆಲ್ಲಮೆಲ್ಲಗೆ, ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ಕುಳಿತ ನೇಕಾರನೂ, ಅವನ ಮುಂದೆ ಕೋಣೆಯ ಉದ್ದಕ್ಕೂ ಬಿಗಿದು ನಿಂತ ಸಾವಿರಾರು ರೇಷ್ಮೆಯ ಎಳೆಗಳೂ ಗೋಚರವಾಗುತ್ತವೆ. ಉದ್ದಕ್ಕೆ ಹಾಸಿದ್ದು ಹಾಸು. ಅದರ ನಡುವೆ ಅಡ್ಡಲಾಗಿ ಹೊಕ್ಕು ಹೊರಬರುವುದು ಹೊಕ್ಕು. ಈ ಎರಡು ಪದಗಳನ್ನು ಒಟ್ಟುಗೂಡಿಸಿ ‘ಹಾಸುಹೊಕ್ಕು’ ಎಂಬ ಮಾತನ್ನು ನಾವು ಹಬ್ಬಹರಿದಿನಗಳನ್ನು ಕುರಿತೂ ಸ್ನೇಹಸಂಬಂಧಗಳನ್ನು ಕುರಿತೂ ಸದಾ ಆಡುತ್ತಿರುತ್ತೇವೆಯಾದರೂ, ಅದು ಮಗ್ಗದ ಗುಂಡಿಯಿಂದ ಎದ್ದುಬಂದ ಮಾತೆಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ಸಂಸ್ಕೃತದಲ್ಲಿ ಇದಕ್ಕೆ ಸರಿಗಟ್ಟುವ ಜೋಡಿ ಓತ, ಪ್ರೋತ ಎಂಬುದು. ಅದೂ ಕನ್ನಡಕ್ಕೆ ಬಂದು, ತಡೆಯಿಲ್ಲದೆ ಮಾತನಾಡುವವನನ್ನು ‘ಓತಪ್ರೋತವಾಗಿ ಮಾತನಾಡಿದ’ ಎಂದು ಹೊಗಳುವಷ್ಟರಮಟ್ಟಿಗೆ ತನ್ನ ನೂಲನ್ನೂ ಮಗ್ಗವನ್ನೂ ಮರೆತುಬಿಟ್ಟಿದೆ.

ಈ ಮರೆತ ಮಾತಿನ ಹಿಂದೆ, ವಿಶ್ವವನ್ನು ಒಂದು ಅಖಂಡ ವಸ್ತುವಾಗಿ ಕಾಣಬೇಕೆಂದು ಹೊರಟ ಮನುಷ್ಯನ ಅತಿ ಪ್ರಾಚೀನವಾದ ಒಂದು ಪ್ರಶ್ನೆ ಇದೆ. ಬೃಹದಾರಣ್ಯಕೋಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ, ಜನಕರಾಜನ ಸಭೆಯಲ್ಲಿ ಯಾಜ್ಞವಲ್ಕ್ಯನನ್ನು ವಿದ್ವಾಂಸರು ಒಬ್ಬರಾದ ಮೇಲೊಬ್ಬರು ಪ್ರಶ್ನಿಸುತ್ತಿರುವಾಗ, ವಾಚಕ್ನುವಿನ ಮಗಳಾದ ಗಾರ್ಗಿ ಎದ್ದುನಿಂತು, ಇದೆಲ್ಲವೂ ನೀರಿನಲ್ಲಿ ಓತಪ್ರೋತವಾಗಿದೆಯಷ್ಟೆ, ಹಾಗಾದರೆ ನೀರು ಯಾವುದರಲ್ಲಿ ಓತಪ್ರೋತವಾಗಿದೆ ಎಂದು ಕೇಳುತ್ತಾಳೆ. ಗಾಳಿಯಲ್ಲಿ ಎಂದು ಉತ್ತರ ಬಂದರೆ ಗಾಳಿ ಯಾವುದರಲ್ಲಿ ಎಂದೂ, ಅಂತರಿಕ್ಷದಲ್ಲಿ ಎಂದರೆ ಅದು ಯಾವುದರಲ್ಲಿ ಎಂದೂ, ಆಕೆಯ ಪ್ರಶ್ನೆ ಆದಿತ್ಯಲೋಕ, ಚಂದ್ರಲೋಕ, ನಕ್ಷತ್ರಲೋಕಗಳನ್ನು ದಾಟಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಬ್ರಹ್ಮಲೋಕವನ್ನು ಮುಟ್ಟುತ್ತದೆ. ಬ್ರಹ್ಮಲೋಕ ಯಾವುದರ ಮೇಲೆ ನೇಯಲ್ಪಟ್ಟಿದೆ ಎಂದು ಆಕೆ ಕೇಳಿದಾಗ ಯಾಜ್ಞವಲ್ಕ್ಯನು, ಮಿತಿಮೀರಿ ಪ್ರಶ್ನಿಸಬೇಡ, ನಿನ್ನ ತಲೆ ಉರುಳೀತು ಎಂದು ತಡೆಯುತ್ತಾನೆ. ಗಾರ್ಗಿ ಆಗ ಸುಮ್ಮನಾಗುತ್ತಾಳೆ. ಆದರೆ ಅಲ್ಲಿಗೆ ಬಿಡುವವಳಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎದ್ದು, ಬಿಲ್ಲಿಗೆ ಹೆದೆಯೇರಿಸಿ ಎರಡು ಬಾಣ ಹಿಡಿದು ಬಂದ ವೀರನಂತೆ ಎರಡು ಪ್ರಶ್ನೆಗಳನ್ನು ಹಿಡಿದು ಬಂದಿದ್ದೇನೆಂದು ಹೇಳಿ, ಆಗಿಹೋದುದೂ ಆಗುತ್ತಿರುವುದೂ ಆಗಲಿರುವುದೂ ಯಾವುದರಲ್ಲಿ ನೇಯಲ್ಪಟ್ಟಿವೆ ಎಂದು ಕೇಳುತ್ತಾಳೆ. ಆಕಾಶದಲ್ಲಿ ಎಂಬುದು ಮೊದಲನೆಯದಕ್ಕೆ ದೊರೆತ ಉತ್ತರ. ಆ ಆಕಾಶವು ಅಕ್ಷರದಲ್ಲಿ, ಎಂದರೆ ಕ್ಷಯವಿಲ್ಲದುದರಲ್ಲಿ, ಎಂಬುದು ಎರಡನೆಯದಕ್ಕೆ.

ಜಗತ್ತಿನ ಸಮಗ್ರತೆಗೆ ನಮ್ಮ ಪೂರ್ವಿಕರು ಕೊಟ್ಟ ಹೆಸರುಗಳು ಹಲವು. ಚಲಿಸುವುದು ಜಗತ್ತು, ಕಾಣುವುದು ಲೋಕ, ಎಲ್ಲವೂ ಎಂಬ ಅರ್ಥದ್ದೇ ವಿಶ್ವ. ಇವುಗಳ ನಡುವೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ಉಪಮೆಗಳು ಎರಡು: ಬ್ರಹ್ಮಾಂಡ ಎಂಬ ಮೊಟ್ಟೆಯದೊಂದು, ಓತಪ್ರೋತವೆಂಬ ಬಟ್ಟೆಯದೊಂದು. ಮೊಟ್ಟೆಗೆ ಓಡು ಇದೆ, ಆಕಾರ ಇದೆ, ಅಂಗೈಯಲ್ಲಿಟ್ಟು ಹೊರಗಿನಿಂದ ನೋಡಬಹುದು. ನೋಡುವವನು ಅದರ ಆಚೆ ನಿಂತಿರಬೇಕು. ಬಟ್ಟೆಯ ಉಪಮೆಯಲ್ಲಿ ಹಾಗೆ ಆಚೆ ನಿಲ್ಲುವ ಸ್ಥಳವಿಲ್ಲ, ಕೇಳುವವನೂ ಅದರ ಒಂದು ಎಳೆಯೇ ಆಗಿರುತ್ತಾನೆ. ವಿಶ್ವವು ಒಂದು ಪರಿಪೂರ್ಣ ಸಮಷ್ಟಿ ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಮೊಟ್ಟೆಯನ್ನೇ ಕಲ್ಪಿಸಿಕೊಳ್ಳುತ್ತೇವೆ. ಗಾರ್ಗಿ ಹಿಡಿದದ್ದು ನೂಲನ್ನು. ಆಕೆಯ ದಾರಿಯೇ ಸರಿಯಾದುದೆಂದು ನನ್ನ ನಂಬಿಕೆ, ಮತ್ತು ಅದನ್ನು ನಂಬಲು ಮೊಳಕಾಲ್ಮೂರಿಗಿಂತ ತಕ್ಕ ಊರನ್ನು ನಾನು ಕಾಣೆ.

ಊರಿನಿಂದ ಕೆಲವು ಹರದಾರಿಯ ದೂರದಲ್ಲಿ, ದುಂಡುಬಂಡೆಗಳ ಗುಡ್ಡಗಳ ನಡುವೆ, ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ, ಬಿ. ಎಲ್. ರೈಸ್ ಅವರು ಅವನ್ನು 1892ರಲ್ಲಿ ಬೆಳಕಿಗೆ ತಂದರು. ಕ್ರಿ.ಪೂ. 3ನೆಯ ಶತಮಾನದಲ್ಲಿ ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಕಳುಹಿಸಿದ ಆ ಆಜ್ಞೆಯಲ್ಲಿ ‘ಜಂಬೂದ್ವೀಪ’ ಎಂಬ ಪದ ಬರುತ್ತದೆ. ಅಂದಿನವರ ಭೂಗೋಳದಲ್ಲಿ ಮನುಷ್ಯರು ವಾಸಿಸುವ ಸಮಸ್ತ ಭೂಮಿಗೆ ಇದ್ದ ಹೆಸರೇ ಜಂಬೂದ್ವೀಪ. ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಶ್ರಮಿಸಿದರೆ ಫಲವುಂಟೆಂದೂ, ತಂದೆತಾಯಿಗಳ ಮಾತು ಕೇಳಬೇಕೆಂದೂ, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕೆಂದೂ, ಸತ್ಯ ನುಡಿಯಬೇಕೆಂದೂ ತಿಳಿಸುವ ಆ ಬರಹವನ್ನು ಬರೆದ ಲಿಪಿಕಾರನ ಹೆಸರು ಚಪಡ. ಬರಹವೆಲ್ಲ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿದ್ದರೂ, ತಾನು ಲಿಪಿಕಾರ ಎಂಬ ತನ್ನ ಪದವಿಯನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಹಿಂದೂಕುಷದ ತಪ್ಪಲಿನಲ್ಲಿ ಕಲಿತ ಕೈಬರಹವೊಂದು ಇಲ್ಲಿಯ ಚಿನ್ನಹಗರಿ ಹೊಳೆಯ ಸೀಮೆಯ ಬಂಡೆಯ ಮೇಲೆ ಬಂದು ಕುಳಿತುದನ್ನು ನೆನೆದಾಗಲೆಲ್ಲ ಮೈನವಿರೇಳುತ್ತದೆ.

ಅದೇ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದರು. ನಯಗೊಳಿಸಿದ ಕಲ್ಲುಗೊಡಲಿಯ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ ಜನ, ಅವರ ಮೇಲೆ ಚಿತ್ತಾರದ ಮಡಕೆಗಳ ಜನ, ಹೀಗೆ ಮಣ್ಣಿನ ಪದರಗಳು ಒಂದರ ಮೇಲೊಂದು ತೆರೆದುಕೊಂಡವು. ಆದರೆ ಅವುಗಳ ಕಾಲವೆಷ್ಟು? ಅದನ್ನು ಹೇಳುವ ಯಾವ ಅಕ್ಷರವೂ ಆ ಪದರಗಳಲ್ಲಿ ಇರಲಿಲ್ಲ. ಮೇಲಿನ ಪದರದಲ್ಲಿ ದೊರೆತ ಒಂದು ಜಾತಿಯ ಮಡಕೆಚೂರು, ವೀಲರ್ ಅವರು 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ಕಂಡಿದ್ದ ಚೂರುಗಳನ್ನೇ ಹೋಲುತ್ತಿತ್ತು. ಅರಿಕಮೇಡುವಿನಲ್ಲಾದರೋ, ಇಟಲಿಯ ಅರೆತ್ಸೊ ಊರಿನ ಹೆಸರು ಹೊತ್ತ, ಕಾಲ ನಿಶ್ಚಿತವಾಗಿ ತಿಳಿದಿದ್ದ ಕೆಂಪು ಪಾತ್ರೆಗಳೂ ದೊರೆತಿದ್ದವು. ಇಟಲಿಯ ಕುಂಬಾರನ ತಿಗರಿಯಿಂದ ಹೊರಟ ಎಳೆಯೊಂದನ್ನು ಹಿಡಿದು ಮೊಳಕಾಲ್ಮೂರು ಸೀಮೆಯ ಪೂರ್ವಚರಿತ್ರೆಗೆ ಕಾಲಗಣನೆ ದೊರೆಯಿತು.

ಇನ್ನು ಊರಿನ ನೆತ್ತಿಯ ಮೇಲಿರುವ ನುಂಕೆಮಲೆ ನಾಥಪಂಥದ ನೆಲೆ, ಭೈರವನ ಸ್ಥಾನ. ಪಿಂಡದಲ್ಲಿರುವುದೇ ಬ್ರಹ್ಮಾಂಡದಲ್ಲಿದೆ ಎಂಬುದು ನಾಥಸಿದ್ಧರ ಮೂಲಭೂತವಾದ ತಿಳಿವಳಿಕೆ. ಗೋರಕ್ಷನಾಥನ ಹೆಸರಿನಲ್ಲಿ ಬಂದಿರುವ ‘ಸಿದ್ಧಸಿದ್ಧಾಂತಪದ್ಧತಿ’ಯು ಅಂಗಾಲಿನಿಂದ ನೆತ್ತಿಯವರೆಗೆ ಈ ಮನುಷ್ಯದೇಹದಲ್ಲಿಯೇ ಸಮಸ್ತ ಲೋಕಗಳನ್ನೂ ಸಾಲಾಗಿ ತೋರಿಸುತ್ತದೆ. ನೆರೆಯ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯಲ್ಲಿ ಬಾಳಿದ ಕೃಷ್ಣಶಾಸ್ತ್ರಿಗಳು, ಮುಕುಂದೂರು ಸ್ವಾಮಿಗಳೆಂಬ ಅವಧೂತರೊಡನೆ ಕಳೆದ ದಿನಗಳನ್ನು ಬರೆದ ಪುಸ್ತಕಕ್ಕೆ ‘ಯೇಗ್ದಾಗೆಲ್ಲಾ ಐತೆ’ ಎಂದು ಹೆಸರಿಟ್ಟರು. ಯೋಗವನ್ನು ಯೇಗವೆಂದು ಉಚ್ಚರಿಸುವ ಹಳ್ಳಿಯ ನಾಲಗೆಯಲ್ಲಿ, ಎಲ್ಲವೂ ಅದರಲ್ಲಿದೆ ಎಂಬ ಮಹಾವಾಕ್ಯಸದೃಶವಾದ ಮಾತು ಎಷ್ಟು ಸಲೀಸಾಗಿ ಬಂದುಬಿಡುತ್ತದೆ!

ಇದನ್ನೆಲ್ಲ ಭಾವುಕತೆ ಎಂದು ತಳ್ಳುವವರಿದ್ದರೆ, ಅವರನ್ನು ಚಳ್ಳಕೆರೆಯ ಶೇಂಗಾ ಹೊಲಕ್ಕೆ ಕರೆದೊಯ್ಯಬೇಕೆನಿಸುತ್ತದೆ. ರಾಜ್ಯದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡು ತಾಲ್ಲೂಕುಗಳೂ ಸೇರಿವೆ. ಪಶ್ಚಿಮಘಟ್ಟ ತನ್ನ ಮೈಮೇಲೆ ಸುರಿಸಿಕೊಂಡು ಉಳಿಸಿದ ಮೋಡಗಳಷ್ಟೇ ಇತ್ತ ಬರುತ್ತವೆ. ಇಲ್ಲಿಯ ರೈತ ಮಳೆಯನ್ನು ತಿಂಗಳ ಹೆಸರಿನಿಂದ ಕರೆಯುವವನಲ್ಲ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದು ನಕ್ಷತ್ರದ ಹೆಸರಿನಿಂದ ಕರೆಯುತ್ತಾನೆ. ಸೂರ್ಯನು ವರ್ಷವೊಂದರಲ್ಲಿ 27 ನಕ್ಷತ್ರಗಳನ್ನು ಹಾದುಹೋಗುವಾಗ ಒಂದೊಂದರಲ್ಲಿ 13–14 ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ನಕ್ಷತ್ರಗಳು ಮಳೆ ಸುರಿಸುವುದಿಲ್ಲವೆಂಬುದು ನಿಜ. ಆದರೂ ಬಿತ್ತನೆಯ ದಿನವನ್ನು ಗೊತ್ತುಮಾಡಲು ಆಕಾಶದ ಗಡಿಯಾರವನ್ನು ನೋಡುವ ಈ ಪದ್ಧತಿಯಲ್ಲಿ, ತನ್ನ ಹೊಲದ ಬದು ತನ್ನ ಜಗತ್ತಿನ ಕೊನೆಯಲ್ಲವೆಂಬ ಅರಿವು ನೆಲೆಸಿದೆ.

ಆ ಅರಿವು ಎಷ್ಟು ನಿಜವೆಂಬುದನ್ನು ಹವಾಮಾನಶಾಸ್ತ್ರ ಮುಂದೆ ತೋರಿಸಿಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ಮಳೆ ತಪ್ಪಿ ಮೈಸೂರು ಸಂಸ್ಥಾನವನ್ನು ಮಹಾಕ್ಷಾಮ ಹಿಡಿಯಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷಕ್ಕೆ ಇಳಿದುಹೋಗಿದ್ದಿತು. ಮಳೆ ತಪ್ಪಿದ್ದು ಆಕಾಶದಿಂದ. ಇಷ್ಟು ಜನ ಸತ್ತುದರಲ್ಲಿ ಅಂದಿನ ಆಡಳಿತದ ಪಾಲೂ ಉಂಟೆಂಬುದನ್ನು ಮರೆಯಲಾಗದು. ಮುಂದೆ 1904ರಲ್ಲಿ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರು, ಮಳೆ ಏಕೆ ತಪ್ಪುತ್ತದೆಂಬ ಪ್ರಶ್ನೆಯ ಉತ್ತರವನ್ನು ಭಾರತದ ಆಕಾಶದಲ್ಲಿ ಮಾತ್ರ ಹುಡುಕಿದರೆ ಸಾಲದೆಂದು ಕಂಡು, ಪ್ರಪಂಚದ ನಾನಾ ಭಾಗಗಳ ವಾಯುಭಾರದ ಅಂಕಿಗಳನ್ನು ತರಿಸಿ, ಯಂತ್ರಗಣಕಗಳಿಲ್ಲದ ಆ ದಿನಗಳಲ್ಲಿ ಭಾರತೀಯ ಗುಮಾಸ್ತರ ಕೈಯಿಂದ ರಾಶಿರಾಶಿ ಲೆಕ್ಕ ಮಾಡಿಸಿದರು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವುದು, ಅಲ್ಲಿ ಇಳಿದಾಗ ಇಲ್ಲಿ ಏರುವುದು, ಹೀಗೆ ತಕ್ಕಡಿಯ ಎರಡು ತಟ್ಟೆಗಳಂತಿರುವ ಮಹಾದೋಲನವೊಂದು ಅವರಿಗೆ ಗೋಚರಿಸಿತು. ಇದಕ್ಕೂ, ಪೆರು ದೇಶದ ಬೆಸ್ತರು ಕ್ರಿಸ್ಮಸ್ಸಿನ ಆಸುಪಾಸಿನಲ್ಲಿ ತಮ್ಮ ಕಡಲು ಬಿಸಿಯಾಗುವುದನ್ನು ಕಂಡು ಬಾಲಯೇಸುವಿನ ನೆನಪಿನಲ್ಲಿ ‘ಎಲ್ ನಿನ್ಯೊ’ ಎಂದು ಕರೆದ ಪ್ರವಾಹಕ್ಕೂ ಇರುವ ನಂಟನ್ನು 1960ರ ದಶಕದಲ್ಲಿ ಜೇಕಬ್ ಬ್ಯರ್ಕ್ನೆಸ್ ವಿವರಿಸಿದರು. 1877ರಲ್ಲಿ ಪೆಸಿಫಿಕ್ಕಿನಲ್ಲಿ ಎಲ್ ನಿನ್ಯೊ ಅತಿ ಪ್ರಬಲವಾಗಿತ್ತೆಂದು ಇಂದು ತಿಳಿದಿದೆ. ಪೆರುವಿನ ಕರಾವಳಿಯ ಹೆಸರನ್ನೇ ಕೇಳದೆ ಹಸಿವಿನಿಂದ ತೀರಿಕೊಂಡ ಬಯಲುಸೀಮೆಯ ರೈತನಿಗೂ ಆ ಕಡಲಿನ ಬಿಸುಪಿಗೂ ನಡುವೆ ಒಂದೇ ಎಳೆ ಹಾದುಹೋಗಿತ್ತು. ಸಮಷ್ಟಿಯ ವಿಚಾರವನ್ನು ನಾವು ಆನಂದದ ಧ್ವನಿಯಲ್ಲಿ ಮಾತ್ರ ಹಾಡುವುದು ವಾಡಿಕೆ. ಎಲ್ಲವೂ ಕೂಡಿಕೊಂಡಿದೆಯೆಂದಾಗ ದೂರದ ನೋವೂ ನಮ್ಮ ಮನೆಯ ಬಾಗಿಲಿಗೆ ಬರುತ್ತದೆ. ಈ ಮಾತನ್ನು ಸೇರಿಸದೆ ಬಿಟ್ಟರೆ ವಿಚಾರ ಅರ್ಧವಾಗಿಯೇ ಉಳಿಯುತ್ತದೆ.

ಭೂಮಿಯೊಳಗಿನ ಈ ನೇಯ್ಗೆಯನ್ನು ಒಪ್ಪಿದವರೂ, ಆಕಾಶದ ತೇಜಸ್ಸು ಬೇರೆ, ಭೂಮಿಯ ಮಣ್ಣು ಬೇರೆ ಎಂದು ಬಹುಕಾಲ ನಂಬಿದ್ದರು. ಕೈಜಾರಿದ ಲಾಳಿ ನೆಲಕ್ಕೆ ಬೀಳುವುದಕ್ಕೂ ಚಂದ್ರನು ಭೂಮಿಯನ್ನು ಸುತ್ತುವುದಕ್ಕೂ ಕಾರಣ ಒಂದೇ ಎಂದು ನ್ಯೂಟನ್ 1687ರಲ್ಲಿ ತೋರಿಸಿದ ಮೇಲೆಯೂ, ನಕ್ಷತ್ರಗಳು ಯಾವ ದ್ರವ್ಯದಿಂದ ಆದವೆಂಬುದು ತಿಳಿಯಲಾರದ ಸಂಗತಿಯಾಗಿಯೇ ಇದ್ದಿತು. 1859ರ ಹೊತ್ತಿಗೆ ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ಜರ್ಮನ್ ವಿಜ್ಞಾನಿಗಳು, ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳಾಗಿ ಒಡೆದಾಗ ಕಾಣುವ ಗೆರೆಗಳಿಂದ ಅದನ್ನು ಹೊಮ್ಮಿಸಿದ ಮೂಲವಸ್ತುವನ್ನು ಗುರುತಿಸಬಹುದೆಂದು ಸಾಧಿಸಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ಭಾರತದ ಮೇಲೆ ಹಾದುಹೋದಾಗ, ಫ್ರಾನ್ಸಿನ ಝಾನ್ಸೆನ್ ಗುಂಟೂರಿನಲ್ಲಿಯೂ, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ವಂಶದ ಜಾನ್ ಹರ್ಷೆಲ್ ಎಂಬ ಯುವ ಸೇನಾಧಿಕಾರಿ ನಮ್ಮ ಜಮಖಂಡಿಯಲ್ಲಿಯೂ ಪಟ್ಟಕಯಂತ್ರವನ್ನು ಹೂಡಿ ಸೂರ್ಯನ ಅಂಚಿನ ಜ್ವಾಲೆಗಳನ್ನು ಪರೀಕ್ಷಿಸಿ ಉಜ್ಜ್ವಲವಾದ ಗೆರೆಗಳನ್ನು ಕಂಡರು. ಜ್ವಾಲೆಗಳಲ್ಲಿ ಕಂಡ ಹಳದಿ ಗೆರೆ ಅಂದು ತಿಳಿದಿದ್ದ ಯಾವ ಮೂಲವಸ್ತುವಿನದೂ ಆಗಿರಲಿಲ್ಲವೆಂದು ಮುಂದೆ ಲಾಕ್ಯರ್ ಎಂಬ ಖಗೋಳವಿಜ್ಞಾನಿ ನಿರ್ಧರಿಸಿದರು. ಗ್ರೀಕರ ಸೂರ್ಯನ ಹೆಸರಿನಿಂದ ಅದು ಹೀಲಿಯಂ ಎನಿಸಿತು. 27 ವರ್ಷಗಳ ಬಳಿಕ, 1895ರಲ್ಲಿ, ರ‍್ಯಾಮ್ಸೆ ಅವರು ಯುರೇನಿಯಂ ಇರುವ ಖನಿಜವೊಂದರಿಂದ ಅದೇ ಅನಿಲವನ್ನು ಭೂಮಿಯ ಮೇಲೆ ಹೊರತೆಗೆದರು. ಸೂರ್ಯನಲ್ಲಿ ಮೊದಲು ಕಂಡದ್ದು ಕಲ್ಲಿನಲ್ಲಿ ಸಿಕ್ಕಿತು. ಆಕಾಶಕ್ಕೂ ಭೂಮಿಗೂ ನಡುವೆ ಎಳೆದಿದ್ದ ಗೆರೆ ಅಳಿಸಿಹೋಯಿತು.

ಇಂದಿನ ತಿಳಿವಳಿಕೆ ಇದಕ್ಕಿಂತ ದೂರ ಹೋಗಿದೆ. ನಮ್ಮ ನೀರಿನಲ್ಲಿರುವ ಜಲಜನಕ, ವಿಶ್ವ ಹುಟ್ಟಿದ ಮೊದಲ ಹೊತ್ತಿನದು. ಶೇಂಗಾಬೀಜದ ಇಂಗಾಲ, ಎಲುಬಿನ ಸುಣ್ಣ, ರಕ್ತದ ಕಬ್ಬಿಣ ಇವು ನಕ್ಷತ್ರಗಳ ಒಡಲಿನಲ್ಲಿ ಬೆಂದು, ಅವು ಸಿಡಿದಾಗಲೋ ಕ್ಷಯಿಸಿದಾಗಲೋ ಹರಡಿದವು. ಮೊಳಕಾಲ್ಮೂರಿನ ಸೀರೆಯ ಅಂಚಿನಲ್ಲಿ ಹೊಳೆಯುವ ಅಸಲಿ ಜರಿ ಬೆಳ್ಳಿಯ ತಂತಿಗೆ ಚಿನ್ನದ ಲೇಪ ಕೊಟ್ಟದ್ದು. ಆ ಚಿನ್ನದಂತಹ ಭಾರದ ಧಾತುಗಳು ಹುಟ್ಟುವ ಬಗೆಗಳಲ್ಲಿ, ಅತಿ ಸಾಂದ್ರವಾದ ಎರಡು ಮೃತನಕ್ಷತ್ರಗಳು ಡಿಕ್ಕಿಹೊಡೆಯುವುದೂ ಒಂದೆಂದು 2017ರ ಆಗಸ್ಟ್ 17ರಂದು ಭೂಮಿಯನ್ನು ಮುಟ್ಟಿದ ಅಂತಹ ಒಂದು ಡಿಕ್ಕಿಯ ಕಂಪನದಿಂದಲೂ ಬೆಳಕಿನಿಂದಲೂ ತಿಳಿದುಬಂದಿತು. ಆ ಘಟನೆ ನಡೆದದ್ದು ಸುಮಾರು 13 ಕೋಟಿ ವರ್ಷಗಳ ಹಿಂದೆ. ಬೆಳಕು ಇಲ್ಲಿಗೆ ಬರಲು ಅಷ್ಟು ಕಾಲ ಹಿಡಿಯಿತು. ಮದುಮಗಳು ಉಟ್ಟ ಸೀರೆಯ ಅಂಚನ್ನು ನೋಡುವಾಗ ಇದು ನೆನಪಾಗಿ ನಾನು ಒಂದು ಕ್ಷಣ ಮಾತು ಮರೆತುದುಂಟು.

ಹಾಗಾದರೆ ಒಟ್ಟು ಬಟ್ಟೆ ಎಷ್ಟು ದೊಡ್ಡದು? ಐನ್‌ಸ್ಟೈನ್ 1915ರಲ್ಲಿ ಸಿದ್ಧಪಡಿಸಿದ ಸಾಪೇಕ್ಷತೆಯ ಸಮೀಕರಣಗಳನ್ನು 1917ರಲ್ಲಿ ಅವರೇ ಸಮಸ್ತ ವಿಶ್ವಕ್ಕೂ ಅನ್ವಯಿಸಿದರು. ಇಡೀ ವಿಶ್ವವನ್ನು ಒಂದು ವಸ್ತುವಾಗಿ ಗಣಿತದ ಹಿಡಿತಕ್ಕೆ ತಂದ ಮೊದಲ ಪ್ರಯತ್ನ ಅದು. 1929ರಲ್ಲಿ ಹಬಲ್ ಅವರ ವೀಕ್ಷಣೆಯಿಂದ, ದೂರದ ಗೆಲಾಕ್ಸಿಗಳು ನಮ್ಮಿಂದ ದೂರಸರಿಯುತ್ತಿವೆಯೆಂದೂ, ದೂರ ಹೆಚ್ಚಿದಷ್ಟೂ ವೇಗ ಹೆಚ್ಚೆಂದೂ ತಿಳಿಯಿತು. ಇದರಿಂದ ನಾವು ನಡುವೆ ಇದ್ದೇವೆಂದು ಭಾವಿಸಬೇಕಾಗಿಲ್ಲ. ಇಡ್ಲಿಗೆ ರುಬ್ಬಿಟ್ಟ ಹಿಟ್ಟಿನಲ್ಲಿ ನಾಲ್ಕು ಸಾಸಿವೆ ಕಾಳು ಬೆರೆಸಿಟ್ಟರೆ, ಹಿಟ್ಟು ಹುದುಗಿ ಉಬ್ಬುವಾಗ ಪ್ರತಿಯೊಂದು ಕಾಳೂ ಉಳಿದವೆಲ್ಲ ತನ್ನಿಂದ ದೂರ ಹೋಗುತ್ತಿರುವುದನ್ನು ಕಾಣುತ್ತದೆ. ಪಾತ್ರೆಗೆ ಅಂಚಿದೆ, ವಿಶ್ವಕ್ಕೆ ಅಂತಹ ಅಂಚನ್ನು ಯಾರೂ ಕಂಡಿಲ್ಲ, ಇಷ್ಟೇ ವ್ಯತ್ಯಾಸ. 1960ರ ದಶಕದ ನಡುವೆ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ತಮ್ಮ ಆಂಟೆನಾದಲ್ಲಿ ಎತ್ತ ತಿರುಗಿಸಿದರೂ ಮಾಯದ ಒಂದು ಮಂದವಾದ ಸದ್ದನ್ನು ಗುರುತಿಸಿದರು. ಆ ಸದ್ದಿನ ಮೂಲ ಇದು: ವಿಶ್ವ ಇನ್ನೂ ಎಳೆಯದಾಗಿ ಕೆಂಡದಂತಿದ್ದಾಗ ಬಿಡುಗಡೆಯಾದ ಬೆಳಕು, 1380 ಕೋಟಿ ವರ್ಷಗಳಲ್ಲಿ ತಣ್ಣಗಾಗಿ, ಶೂನ್ಯ ಸೆಲ್ಸಿಯಸ್ಸಿಗೆ 270 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಂದಿಗೂ ಎಲ್ಲೆಡೆ ತುಂಬಿದೆ. ಆಕಾಶದ ಒಂದು ಘನ ಸೆಂಟಿಮೀಟರಿನಷ್ಟು ಎಡೆಯಲ್ಲಿ ಅದರ ಸುಮಾರು 400 ಕಣಗಳು ಸದಾ ಇರುತ್ತವೆ. ಬರಿದೆಂದು ನಾವು ಬಗೆದ ಬಯಲು ಬರಿದಲ್ಲ.

ಆದರೆ ಈ ವಿಜ್ಞಾನವೂ ಗಾರ್ಗಿ ನಿಂತ ಮೆಟ್ಟಿಲಿನಲ್ಲಿಯೇ ಬಂದು ನಿಂತಿದೆ. ಬೆಳಕು ನಮ್ಮನ್ನು ಬಂದು ಮುಟ್ಟಲು ಸಾಧ್ಯವಾದಷ್ಟು ವಿಶ್ವ ಮಾತ್ರ ನಮಗೆ ಗೋಚರ; ಅದರ ಅಂಚು ಈಗ ಎಲ್ಲ ದಿಕ್ಕಿಗೂ ಸುಮಾರು 4600 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಗೋಚರವಾದುದರಲ್ಲಿಯೂ ನಮಗೆ ಪರಿಚಿತವಾದ ದ್ರವ್ಯ ನೂರಕ್ಕೆ ಐದು ಭಾಗ. 27 ಭಾಗ ಕಾಣದ ದ್ರವ್ಯ, 68 ಭಾಗ ವಿಶ್ವವನ್ನು ಮತ್ತಷ್ಟು ವೇಗದಿಂದ ಹಿಗ್ಗಿಸುತ್ತಿರುವ ಕಾಣದ ಶಕ್ತಿ. ದಿಗಂತದಾಚೆ ಇನ್ನೆಷ್ಟು ಇದೆಯೆಂದು ಇಲ್ಲಿಂದ ಅಳೆಯಲು ಬಾರದು. ಪೂರ್ಣವನ್ನು ಹೊರಗೆ ನಿಂತು ಕಾಣಲು ಹೊರಗೆಂಬುದೇ ಇಲ್ಲ. ಯಾಜ್ಞವಲ್ಕ್ಯನ ತಡೆಯನ್ನು ಬೆದರಿಕೆಯೆಂದು ಓದುವವರುಂಟು. ಕೇಳುವ ತಲೆಯೂ ಆ ನೇಯ್ಗೆಯದೇ ಆದುದರಿಂದ, ನೇಯ್ಗೆಯಿಂದ ಅದನ್ನು ಬಿಡಿಸಿ ಹೊರಗಿಟ್ಟರೆ ಅದು ತಲೆಯಾಗಿ ಉಳಿಯದೆಂಬ ಎಚ್ಚರಿಕೆಯೆಂದು ನಾನು ಓದುತ್ತೇನೆ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆಯ ಎರಡನೆಯ ಆವರಣವಿದೆ. ಸುತ್ತಿನಲ್ಲಿ ಬಾಹ್ಯಾಕಾಶ, ರಕ್ಷಣೆ, ಪರಮಾಣು ಸಂಸ್ಥೆಗಳಿಗೂ ಭೂಮಿ ದೊರೆತಿದೆ. ಅವು ನಿಂತಿರುವುದು ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ. ಹಸುಕುರಿಗಳೂ ಕೃಷ್ಣಮೃಗಗಳೂ ಮೇಯುತ್ತಿದ್ದ, ನೋಡುವವರ ಕಣ್ಣಿಗೆ ಪಾಳೆಂದು ತೋರುವ, ಆದರೆ ಹಳ್ಳಿಗಳ ಬದುಕು ಹಾಸುಹೊಕ್ಕಾಗಿದ್ದ ಭೂಮಿ ಅದು. ಆಕಾಶದ ಸಮಷ್ಟಿಯನ್ನು ಅರಿಯಲೆಂದು ಕಟ್ಟಿದ ಗೋಡೆಗಳ ಒಳಗಿರುವವರು ಆ ಹುಲ್ಲಿನ ಲೆಕ್ಕವನ್ನೂ ಇಡುವರೆಂದು ನಾನು ಮನಸಾರೆ ಆಶಿಸುತ್ತೇನೆ.

ಮತ್ತೆ ಮಗ್ಗದ ಮನೆಗೆ ಬರೋಣ. ಅಂಚಿನ ಬಣ್ಣ ಬೇರೆಯಾದ ಸೀರೆಗೆ ಒಡಲಿಗೊಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿಗಳು ಆಡುತ್ತವೆ; ಒಡಲಿನ ಎಳೆಯೂ ಅಂಚಿನ ಎಳೆಯೂ ಸಂಧಿಯಲ್ಲಿ ಒಂದನ್ನೊಂದು ತಬ್ಬಿ ಹಿಂದಿರುಗುತ್ತವೆ. ನೇಯ್ದ ಭಾಗ ನೇಕಾರನ ಮಡಿಲ ಬಳಿಯ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ, ನೇಯಬೇಕಾದುದು ಎದುರಿನಲ್ಲಿ ಬಿಗಿದು ನಿಂತಿರುತ್ತದೆ. ಅವನ ಕಣ್ಣೆದುರು ಇರುವುದು ಗೇಣುದ್ದದ ಬಟ್ಟೆ ಮಾತ್ರ. ಹಾಸು ಮುಗಿದಾಗ ಸೀರೆಗಳನ್ನು ಕತ್ತರಿಸಿ ತೆಗೆದರೂ, ಹಳೆಯ ಎಳೆಗಳ ತುದಿಗಳನ್ನು ಮಗ್ಗದಲ್ಲಿಯೇ ಬಿಟ್ಟಿರುತ್ತಾರೆ. ಆಮೇಲೆ ಮನೆಯವರು ಬೆರಳಿಗೆ ಬೂದಿ ಹಚ್ಚಿಕೊಂಡು ಕುಳಿತು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ತುದಿಗೆ ಹೊಸೆದು ಸೇರಿಸುತ್ತಾರೆ, ಸಾವಿರಾರು ಎಳೆಗಳನ್ನು, ಒಂದನ್ನೂ ಬಿಡದೆ. ಆ ಮಗ್ಗದಲ್ಲಿ ಮೊತ್ತಮೊದಲ ಹಾಸನ್ನು ಯಾರು, ಯಾವಾಗ ಹೂಡಿದರೆಂದು ಕೇಳಿದರೆ, ಹೊಸೆಯುತ್ತಿದ್ದ ಅಜ್ಜಿ ತಲೆಯೆತ್ತದೆ, ನಾನು ಬರೋ ಹೊತ್ತಿಗೇ ಇತ್ತಪ್ಪ, ಎನ್ನುತ್ತಾಳೆ. ಬೆರಳು ಮುಂದಿನ ಎಳೆಗೆ ಹೋಗುತ್ತದೆ.